ಫೈಬರ್ ಜೊತೆಗೆ ಎರಡು ಸಿಮ್ ಸೇರಿಸಿ ಓಡಿಸಿದ್ರೆ ಟೆಲಿಕಾಂ ಕಂಪನಿಗಳು ಮುಳುಗ್ತವಾ?

ಓದುಗರೊಬ್ರು ಕಳ್ಸಿರೋ ಪ್ರಶ್ನೆ: "ಸರ್, ನಮ್ದು ಹೊಸನಗರ ತಾಲೂಕಲ್ಲಿ ಒಂದು ಹಳ್ಳಿ. ಬೆಂಗಳೂರಿನ ಕಂಪನಿಗೆ ಮನೆಯಿಂದ್ಲೇ ಕೆಲ್ಸ ಮಾಡ್ತೀನಿ. ಊರಿನ ಕೇಬಲ್‌ನವ್ರ ಫೈಬರ್ ಇದೆ, ಮಳೆಗಾಲ ಶುರುವಾಯ್ತು ಅಂದ್ರೆ ಯಾವಾಗ ಹೋಗತ್ತೆ ಯಾವಾಗ ಬರತ್ತೆ ಹೇಳಕ್ಕಾಗಲ್ಲ. ನನ್ನ ಫೋನಲ್ಲಿ ಏರ್‌ಟೆಲ್, ಜಿಯೋ ಎರಡೂ ಇದೆ, ಅಮ್ಮನ ಫೋನಲ್ಲಿ ಬಿಎಸ್ಎನ್ಎಲ್. ಒಂದು ವಿಡಿಯೋದಲ್ಲಿ ಎರಡು ಸಿಮ್ ಹಾಕೋ ರೂಟರ್ ತಗೊಂಡ್ರೆ ಎಲ್ಲಾ ಕನೆಕ್ಷನ್ ಸ್ಪೀಡೂ ಕೂಡ್ಕೊಂಡು ಬರತ್ತೆ ಅಂದ್ರು. ಇಂಥ ಡಿವೈಸ್‌ಗಳಿಂದ ಟೆಲಿಕಾಂ ಕಂಪನಿಗಳ ಕಥೆ ಮುಗೀತು, ಅದಕ್ಕೇ ಟ್ರಾಯ್ ಎರಡನೇ ಸಿಮ್‌ಗೆ ಚಾರ್ಜ್ ಹಾಕಕ್ಕೆ ಹೊರಟಿದೆ ಅಂತನೂ ಹೇಳಿದ್ರು. ಇದು ನಿಜಾನಾ? ರೂಟರ್‌ಗೆ ದುಡ್ಡು ಹಾಕ್ಲಾ? ಹಾಕಿದ್ಮೇಲೆ ಕಾನೂನಿನ ಕಿರಿಕಿರಿ ಏನಾದ್ರೂ ಇದ್ಯಾ? ಇನ್ನೊಂದು, ಅಮ್ಮನ ಸಿಮ್ ಬರೀ ಬ್ಯಾಂಕ್ ಓಟಿಪಿಗೆ ಇರೋದು, ಇಟ್ಕೊಳ್ಳೋದಾ ಬಿಡೋದಾ?"

ನಿಮ್ಗೆ ನಿಜವಾಗ್ಲೂ ಬೇಕಾಗಿರೋದು ಮೀಟಿಂಗ್ ಮಧ್ಯೆ ನೆಟ್ ಹೋಗ್ಬಾರ್ದು ಅಷ್ಟೇ, ಆದ್ರೆ ವಿಡಿಯೋದವ್ರು ಅದಕ್ಕೆ ಟ್ರಾಯ್, ಕಂಪನಿ ಮುಳುಗೋದು, ಸ್ಪೀಡ್ ಮೂರು ಪಟ್ಟು ಎಲ್ಲಾನೂ ಸೇರಿಸಿ ತಲೆಗೆ ಹುಳ ಬಿಟ್ಟಿದಾರೆ. ನಾನು ಬಹಳ ವರ್ಷ ಆಪರೇಟರ್ (ಅಂದ್ರೆ ಟೆಲಿಕಾಂ ಕಂಪನಿ) ಕಡೆನೇ ನೆಟ್‌ವರ್ಕ್ ಪ್ಲಾನಿಂಗ್‌ನಲ್ಲಿ ಇದ್ದವನು, ಹಾಗಾಗಿ ಎರಡೂ ಕಡೆ ಲೆಕ್ಕ ಹೇಳ್ತೀನಿ.

ಮೊದ್ಲು ಟ್ರಾಯ್ (ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕೋ ಸರ್ಕಾರಿ ಸಂಸ್ಥೆ) ವಿಷ್ಯ ಮುಗಿಸ್ಬಿಡೋಣ, ಅದು ಸುಳ್ಳು. 2024ರ ಜೂನ್‌ನಲ್ಲಿ ಟ್ರಾಯ್ ದೇಶದ ಫೋನ್ ನಂಬರ್ ವ್ಯವಸ್ಥೆ ಬಗ್ಗೆ ಒಂದು ಚರ್ಚಾ ಪತ್ರ ಹೊರಡಿಸ್ತು, ನಂಬರ್‌ಗಳು ಮುಗೀತಾ ಬರ್ತಿವೆ, ಕಂಪನಿಗಳು ಬಳಸ್ದೆ ಇಟ್ಕೊಂಡಿರೋ ನಂಬರ್‌ಗಳಿಗೆ ಏನ್ ಮಾಡೋಣ ಅನ್ನೋ ಥರದ ಪ್ರಶ್ನೆಗಳು ಅದ್ರಲ್ಲಿದ್ವು. ಅದನ್ನ ಯಾರೋ 'ಎರಡು ಸಿಮ್ ಇದ್ರೆ ದಂಡ' ಅಂತ ಮಾಡಿದ್ರು, ವಾಟ್ಸಾಪಲ್ಲಿ ಊರೆಲ್ಲಾ ಸುತ್ತಾಡ್ತು, ಕೊನೆಗೆ ಜೂನ್ 14ಕ್ಕೆ ಟ್ರಾಯ್‌ನೋರೇ ಇದು ಶುದ್ಧ ಸುಳ್ಳು ಅಂತ ಪ್ರಕಟಣೆ ಕೊಟ್ರು. ಒಬ್ರ ಹೆಸ್ರಲ್ಲಿ 9 ಸಿಮ್ ತನಕ ಇಟ್ಕೋಬಹುದು (ಜಮ್ಮು ಕಾಶ್ಮೀರ, ಅಸ್ಸಾಂ, ಈಶಾನ್ಯ ರಾಜ್ಯಗಳಲ್ಲಿ 6). ಅದು ಮೀರಿದ್ರೆ 2023ರ ಟೆಲಿಕಾಂ ಕಾಯ್ದೆ ಪ್ರಕಾರ ಮೊದಲ ಸಲ 50,000 ರೂ. ತನಕ, ಆಮೇಲೆ 2 ಲಕ್ಷದ ತನಕ ದಂಡ ಇದೆ. ನಿಮ್ ಮನೇದು ಅದ್ರ ಹತ್ರಕ್ಕೂ ಬರಲ್ಲ. ಆದ್ರೂ ನಿಮ್ಮ ಹೆಸ್ರಲ್ಲಿ ಬೇರೆಯವ್ರು ಸಿಮ್ ತಗೊಂಡಿದಾರಾ ಅಂತ ಸರ್ಕಾರದ ಸಂಚಾರ್ ಸಾಥಿ ಸೈಟಲ್ಲಿ ಒಂದ್ಸಲ ನೋಡ್ಬಿಡಿ.

ಆದ್ರೆ ಕಂಪನಿಗಳಿಗೆ ಹೊಡೆತ ಬೀಳತ್ತೆ ಅನ್ನೋದಿದ್ಯಲ್ಲ, ಅದನ್ನ ಪೂರ್ತಿ ತಳ್ಳಿಹಾಕಕ್ಕಾಗಲ್ಲ, ಬರೀ ವಿಡಿಯೋದವ್ರು ಹೇಳೋ ದಾರೀಲಿ ಬೀಳಲ್ಲ ಅಷ್ಟೇ.

ಟೆಲಿಕಾಂ ಕಂಪನಿ ಖರ್ಚೆಲ್ಲ ಮುಂಚೇನೇ ಆಗೋಗಿರತ್ತೆ. 2022ರ 5ಜಿ ಹರಾಜಲ್ಲಿ ಸ್ಪೆಕ್ಟ್ರಂಗೆ (ಸಿಗ್ನಲ್ ಓಡೋ ರೇಡಿಯೋ ತರಂಗಗಳನ್ನ ಬಳಸೋ ಹಕ್ಕಿಗೆ) ಬಿದ್ದ ಒಟ್ಟು ಬಿಡ್ ಒಂದೂವರೆ ಲಕ್ಷ ಕೋಟಿ ರೂ., ಅದ್ರಲ್ಲಿ ಜಿಯೋದೊಂದೇ 88 ಸಾವಿರ ಕೋಟಿ. ಮೇಲೆ ಟವರ್ ಬಾಡಿಗೆ, ಕರೆಂಟು, ಡೀಸೆಲ್ಲು, ಫೈಬರ್. ನೀವು ಆ ದಿನ ಒಂದು ಜಿಬಿ ಬಳಸಿ, ಸೊನ್ನೆ ಬಳಸಿ, ಖರ್ಚು ಅಷ್ಟೇ. ಹಂಗಾಗಿ ಇವ್ರ ವ್ಯವಹಾರ ನಿಂತಿರೋದು ಗಿರಾಕಿ ತಿಂಗ್ಳು ತಿಂಗ್ಳು ಬಿಡ್ದೆ ದುಡ್ಡು ಕಟ್ಟೋದ್ರ ಮೇಲೆ. ಒಂದು ಫೋನ್‌ಗೆ ಒಂದೇ ಸಿಮ್ ಇದ್ದಾಗ ಅದಕ್ಕೆ ಗ್ಯಾರಂಟಿ ಇತ್ತು. ನಂಬರ್ ಬದ್ಲಾಯಿಸ್ಬೇಕು, ಎಲ್ರಿಗೂ ತಿಳಿಸ್ಬೇಕು ಅನ್ನೋ ಸೋಮಾರಿತನನೇ ಕಂಪನಿಗಳಿಗೆ ಬೇಲಿ ಆಗಿತ್ತು. 2011ರ ಜನವರಿಯಲ್ಲಿ ದೇಶಕ್ಕೆಲ್ಲ ನಂಬರ್ ಪೋರ್ಟಿಂಗ್ (ಅದೇ ನಂಬರ್ ಇಟ್ಕೊಂಡು ಕಂಪನಿ ಬದ್ಲಾಯಿಸೋದು) ಬಂದಾಗ ಆ ಬೇಲಿ ಸ್ವಲ್ಪ ಸಡಿಲ ಆಯ್ತು, ಆದ್ರೂ ಪೋರ್ಟ್ ಮಾಡ್ಬೇಕು ಅಂದ್ರೆ ಮೆಸೇಜ್ ಕಳ್ಸಿ, ಅಂಗಡಿಗೆ ಹೋಗಿ, ಕಾಯ್ಬೇಕು. ಅದೇ ಫೋನೇ ತಾನಾಗಿ 'ಇದ್ರ ಸಿಗ್ನಲ್ ಸರಿಯಿಲ್ಲ, ಅದಕ್ಕೆ ಹೋಗೋಣ' ಅಂತ ತೀರ್ಮಾನ ಮಾಡಿದ್ರೆ ಕಾಯೋದೇನೂ ಇಲ್ಲ, ಗಿರಾಕಿಗೆ ಬದ್ಲಾಗಿದ್ದು ಗೊತ್ತೂ ಆಗಲ್ಲ.

ಈ ಹೊಡೆತ ನಮ್ಮಲ್ಲಿ ಕಂಪನಿಗಳು ಮುಂಚೇನೇ ತಿಂದಿದಾವೆ. ನೆನಪಿರಬಹುದು, 2009ರ ಸುಮಾರಿಗೆ ಸೆಕೆಂಡಿಗೆ ಒಂದು ಪೈಸೆ ಬಂತು, ಒಬ್ರದ್ದು ಲೋಕಲ್ ಕಾಲ್ ಕಮ್ಮಿ, ಇನ್ನೊಬ್ರದ್ದು ರಾತ್ರಿ ಫ್ರೀ, ಜನ ಎರಡೆರಡು ಸಿಮ್ ಇಟ್ಕೊಂಡು ಬ್ಯಾಟರಿ ಬಿಚ್ಚಿ ಬಿಚ್ಚಿ ಹಾಕ್ತಿದ್ರು. ಮೈಕ್ರೋಮ್ಯಾಕ್ಸ್, ಕಾರ್ಬನ್ ಥರದವ್ರು ಡ್ಯುಯಲ್ ಸಿಮ್ ಫೋನ್ ಬಿಟ್ರು, ನೋಕಿಯಾ ಮಾತ್ರ 2010ರ ತನಕ ಆ ಕಡೆ ತಿರುಗೂ ನೋಡ್ಲಿಲ್ಲ, ಅಷ್ಟೊತ್ತಿಗೆ ಹಳ್ಳಿ ಮಾರ್ಕೆಟ್‌ನಲ್ಲಿ ಒಳ್ಳೇ ಪಾಲು ಕೈಬಿಟ್ಟಿತ್ತು. ಆಮೇಲೆ 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಜಿಯೋ ಅಷ್ಟು ಬೇಗ ಬೆಳೆದಿದ್ದಕ್ಕೆ ಫ್ರೀ ಡೇಟಾ ಕಾರಣ ಅಂತ ಎಲ್ರೂ ಹೇಳ್ತಾರೆ, ಸರೀನೇ, ಆದ್ರೆ ಅಷ್ಟೇ ದೊಡ್ಡ ಕಾರಣ ಜನರ ಫೋನಲ್ಲಿ ಖಾಲಿ ಇದ್ದ ಎರಡನೇ ಸ್ಲಾಟ್ ಅಂತ ನನ್ ಲೆಕ್ಕ. ಹಳೇ ನಂಬರ್ ಬಿಡೋ ಹಂಗೇ ಇರ್ಲಿಲ್ಲ, ಕಾಲ್ ಹಳೇ ಸಿಮ್‌ಗೆ ಬರ್ತಿತ್ತು, ಡೇಟಾ ಹೊಸದ್ರಲ್ಲಿ ಓಡ್ತಿತ್ತು. ಹಳೇ ಕಂಪನಿಗಳ ಲೆಕ್ಕದಲ್ಲಿ ಗಿರಾಕಿ ಇನ್ನೂ ಇದ್ದ, ದುಡ್ಡು ಮಾತ್ರ ಇರ್ಲಿಲ್ಲ. ಎರಡು ವರ್ಷದೊಳಗೆ ಆರ್‌ಕಾಂ (ರಿಲಯನ್ಸ್ ಕಮ್ಯುನಿಕೇಷನ್ಸ್) ಮೊಬೈಲ್ ಸೇವೆ ನಿಲ್ಲಿಸ್ತು, ಏರ್‌ಸೆಲ್ ದಿವಾಳಿ ಅರ್ಜಿ ಹಾಕ್ತು, ಟಾಟಾದವ್ರು ಏರ್‌ಟೆಲ್‌ಗೆ ಕೊಟ್ಟು ಕೈತೊಳ್ಕೊಂಡ್ರು, ವೊಡಾಫೋನ್ ಐಡಿಯಾ ಒಂದಾದ್ವು.

ಉಳ್ಕೊಂಡವ್ರು ಇದಕ್ಕೆ ಮದ್ದು ಹುಡುಕಿದ್ರು, ಅದೇ ಇವತ್ತು ನೀವು ಕಟ್ತಿರೋ ಮಿನಿಮಮ್ ರೀಚಾರ್ಜ್. ಮುಂಚೆ ಲೈಫ್‌ಟೈಮ್ ಸಿಮ್ ಅಂತ ಹಾಕಿ ಇಟ್ರೆ ಇನ್‌ಕಮಿಂಗ್ ಫ್ರೀ ಬರ್ತಾನೇ ಇತ್ತು. 2018ರ ಕೊನೇಲಿ 35 ರೂ. ಹಾಕದಿದ್ರೆ ಇನ್‌ಕಮಿಂಗೂ ಕಟ್ ಅಂದ್ರು, ಕೋಟಿಗಟ್ಲೆ ಜನ ಎರಡನೇ ಸಿಮ್ ಬಿಸಾಕಿದ್ರು, ಕಂಪನಿಗಳು ಅದಕ್ಕೆ ಬೇಜಾರೇ ಮಾಡ್ಕೊಳ್ಲಿಲ್ಲ. ಆ ಮಿನಿಮಮ್ ಏರ್ತಾ ಏರ್ತಾ 2024ರ ಜುಲೈ ಹೊತ್ತಿಗೆ ಏರ್‌ಟೆಲ್‌ನಲ್ಲಿ 28 ದಿನಕ್ಕೆ 199 ರೂ. ಆಯ್ತು. ಅವ್ರಿಗೆ ಒಬ್ಬ ಗಿರಾಕಿಯಿಂದ ತಿಂಗ್ಳಿಗೆ ಬರೋ ಸರಾಸರಿ 2018ರ ಕೊನೇ ತ್ರೈಮಾಸಿಕದಲ್ಲಿ 104 ರೂ. ಇತ್ತು, 2024ರ ಕೊನೇ ತ್ರೈಮಾಸಿಕದಲ್ಲಿ 245. ಅಂದ್ರೆ ಎರಡು ನೆಟ್‌ವರ್ಕ್ ಬಳಸೋ ಫೋನ್ ಕಂಪನಿಗಳನ್ನ ಮುಳುಗಿಸ್ಲಿಲ್ಲ, ಅವ್ರು ರೇಟ್ ಹಾಕೋ ವಿಧಾನ ಬದ್ಲಾಯಿಸ್ತು. 'ನೀವು ಬಳ್ಸಿ ಬಿಡಿ, ಬಾಗಿಲಲ್ಲಿ ನಿಂತಿದ್ದಕ್ಕೆ ಕೊಡಿ' ಅನ್ನೋ ಲೆಕ್ಕ. ಈಗ ನೀವು ಮೂರು ನೆಟ್‌ವರ್ಕ್ ಇಟ್ಕೊಂಡ್ರೆ ನಷ್ಟ ನಿಮ್ದೇ, ಅವ್ರಿಗೆ ಮೂರೂ ಕಡೆ ಮಿನಿಮಮ್ ಬರತ್ತೆ.

ಕಂಪನಿಗಳು ನಿಜವಾಗ್ಲೂ ಹೆದರೋದು ಬೇರೆಯದಕ್ಕೆ: ಸಿಮ್ ಯಾವ್ದು ಅಂತ ಆರಿಸೋ ಅಧಿಕಾರ ಫೋನ್ ಮಾಡೋವ್ರ ಕೈಗೆ ಹೋಗೋದು. 2014ರಲ್ಲಿ ಆಪಲ್‌ನವ್ರು ಐಪ್ಯಾಡ್ ಜೊತೆ ತಮ್ದೇ ಒಂದು ಸಿಮ್ ಕೊಟ್ರು, ಸೆಟ್ಟಿಂಗಲ್ಲೇ ಯಾವ ಕಂಪನಿ ಬೇಕೋ ಆರಿಸ್ಕೊಳ್ಳಿ ಅಂತ. ಅಮೆರಿಕದಲ್ಲಿ ಎಟಿ ಅಂಡ್ ಟಿ ಅನ್ನೋ ಮೊಬೈಲ್ ಕಂಪನಿ ಏನ್ ಮಾಡ್ತು ಅಂದ್ರೆ ಒಂದ್ಸಲ ನಮ್ಮನ್ನ ಆರಿಸಿದ್ರೆ ಆ ಸಿಮ್ ನಮ್ಗೇ ಲಾಕ್, ಇನ್ನೊಬ್ರ ಹತ್ರ ಹೋಗೋ ಹಾಗಿಲ್ಲ ಅಂತು. ಅಲ್ಲಿನ ಇನ್ನೊಂದು ಕಂಪನಿ ವೆರಿಜಾನ್ ಅಂತೂ ಅದಕ್ಕೆ ಸೇರ್ಲೇ ಇಲ್ಲ. 2015ರಲ್ಲಿ ಗೂಗಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರಾಜೆಕ್ಟ್ ಫೈ ಅಂತ ತಂತು, ಸ್ಪ್ರಿಂಟ್, ಟಿ-ಮೊಬೈಲ್, ವೈಫೈ ಮೂರರ ಮಧ್ಯೆ ಫೋನೇ ಹಾರ್ತಾ ಇತ್ತು, ಬಿಲ್ ಗೂಗಲ್‌ದು, ಗಿರಾಕಿಗೆ ಯಾರ ಟವರ್ ಅಂತ ಗೊತ್ತಾಗೋ ಅಗತ್ಯನೇ ಇರ್ಲಿಲ್ಲ. ಆಪರೇಟರ್‌ಗೆ ಇದಕ್ಕಿಂತ ಕೆಟ್ಟ ಕನಸಿಲ್ಲ, ಟವರ್ ಹಾಕೋದು ಇವ್ನು, ಗಿರಾಕಿ ಇನ್ನೊಬ್ಬಂದು. ಇ-ಸಿಮ್ (ಫೋನಿನೊಳಗೇ ಕೂತಿರೋ ಸಿಮ್) ಬಂದಾಗ್ಲೂ ಇದೇ ಜಗಳ ಎದ್ದು, ಆಪರೇಟರ್‌ಗಳು ಸೇರ್ಕೊಂಡು ಕಂಪನಿ ಬದ್ಲಾಯಿಸೋದನ್ನ ಕಷ್ಟ ಮಾಡ್ತಿದಾರೆ ಅಂತ ಅಮೆರಿಕದ ನ್ಯಾಯ ಇಲಾಖೆ ತನಿಖೆ ಮಾಡ್ತು, 2019ರಲ್ಲಿ ಅವ್ರ ಜಾಗತಿಕ ಸಂಘ ಜಿಎಸ್ಎಂಎ ನಿಯಮ ತಿದ್ಕೊಳ್ಳಕ್ಕೆ ಒಪ್ಕೊಂಡ್ಮೇಲೆ ಮುಗೀತು.

ಇನ್ನೊಂದು ಭಯ ಇದೆ, ಇದು ದುಡ್ಡಿಂದಲ್ಲ, ಲೋಡಿಂದು. ಒಂದು ನೆಟ್‌ವರ್ಕ್ ಬಿದ್ದಾಗ ಎಲ್ಲಾ ಫೋನುಗಳೂ ಪಕ್ಕದವ್ರ ನೆಟ್‌ವರ್ಕ್‌ಗೆ ಒಟ್ಟಿಗೆ ನುಗ್ಗಿದ್ರೆ ಅದೂ ಉಸಿರು ಕಟ್ಟಿ ಕೂತ್ಕೊಳತ್ತೆ, ಯಾಕಂದ್ರೆ ಯಾರೂ ಪಕ್ಕದ ಕಂಪನಿ ಗಿರಾಕಿಗಳಿಗೂ ಸೇರ್ಸಿ ಟವರ್ ಕಟ್ಟಿರಲ್ಲ. ಕೆನಡಾದಲ್ಲಿ 2022ರ ಜುಲೈ 8ಕ್ಕೆ ರಾಜರ್ಸ್ ಕಂಪನಿ ಇಡೀ ನೆಟ್‌ವರ್ಕ್ ಬಿತ್ತು, ರೂಟರ್‌ಗಳ ಸೆಟ್ಟಿಂಗ್ ಬದ್ಲಾವಣೆಯಲ್ಲಿ ಆದ ತಪ್ಪಿಂದ, ಒಂದು ಕೋಟಿಗಿಂತ ಜಾಸ್ತಿ ಜನಕ್ಕೆ ಫೋನೂ ಇಲ್ಲ, ಮನೆ ಇಂಟರ್ನೆಟ್ಟೂ ಇಲ್ಲ, ಅಂಗಡೀಲಿ ಡೆಬಿಟ್ ಕಾರ್ಡೂ ನಡೀಲಿಲ್ಲ. ವಿಚಿತ್ರ ಏನಂದ್ರೆ ಟವರ್‌ಗಳು ಆನ್ ಇದ್ವು, ಅವುಗಳ ಬೆನ್ನ ಹಿಂದಿರೋ ಮುಖ್ಯ ಜಾಲ, ಅಂದ್ರೆ ಕೋರ್, ಮಾತ್ರ ಸತ್ತಿತ್ತು. ಹಾಗಾಗಿ ಫೋನುಗಳು 'ಸಿಗ್ನಲ್ ಇದೆಯಲ್ಲ' ಅಂತ ರಾಜರ್ಸ್ ಟವರನ್ನೇ ಹಿಡ್ಕೊಂಡು ಕೂತ್ವು, ಎಷ್ಟೋ ಜನಕ್ಕೆ ತುರ್ತು ನಂಬರ್ 911 ಕೂಡ ಹತ್ಲಿಲ್ಲ. ಆಮೇಲೆ ಅಲ್ಲಿನ ಸರ್ಕಾರ ಕಂಪನಿಗಳನ್ನ ಕೂರಿಸಿ, ಒಬ್ರದ್ದು ಬಿದ್ರೆ ಇನ್ನೊಬ್ರು ತುರ್ತಿಗೆ ಆಸರೆ ಕೊಡ್ಬೇಕು ಅಂತ ಒಪ್ಪಂದ ಮಾಡಿಸ್ತು.

ಈ ಕಥೆ ಉದ್ದ ಹೇಳಿದ್ದು ಸುಮ್ನೆ ಅಲ್ಲ. ಕಡ್ಡಿ ತುಂಬ ಸಿಗ್ನಲ್ ಇದ್ರೂ ಇಂಟರ್ನೆಟ್ ಇಲ್ದೇ ಇರಬಹುದು, ಆಗ ಬರೀ ಸಿಗ್ನಲ್ ನೋಡಿ ಬದ್ಲಾಗೋ ಡಿವೈಸ್ ಬದ್ಲಾಗೋದೇ ಇಲ್ಲ. ರೂಟರ್ ತಗೊಳ್ಳೋವಾಗ ಇದನ್ನ ಕೇಳ್ಬೇಕು: ಲೈನ್ ಇದ್ಯಾ ಅಂತ ಮಾತ್ರ ನೋಡತ್ತಾ, ಇಲ್ಲಾ ಹೊರಗಿನ ಯಾವ್ದಾದ್ರೂ ಅಡ್ರೆಸ್‌ಗೆ ಪಿಂಗ್ ಹೊಡ್ದು (ಚಿಕ್ಕ ಸಂದೇಶ ಕಳ್ಸಿ ಉತ್ತರ ಬರತ್ತಾ ಅಂತ) ನೋಡತ್ತಾ? ಎರಡನೇದು ಬೇಕು.

ಈಗ ನಿಮ್ಮನೆಗೆ ಬರೋಣ. ಮೂರು ಕಂಪನಿ ಇದ್ರೆ ಮೂರು ನೆಟ್‌ವರ್ಕ್ ಇದೆ ಅಂತ ಅನ್ಕೊಳ್ಳೋದೇ ದೊಡ್ಡ ತಪ್ಪು ಲೆಕ್ಕ. ಏರ್‌ಟೆಲ್, ವೊಡಾಫೋನ್ ಐಡಿಯಾ ಎರಡೂ ಎಷ್ಟೋ ಕಡೆ ಇಂಡಸ್ ಅನ್ನೋ ಟವರ್ ಕಂಪನಿಯ ಒಂದೇ ಟವರ್ ಮೇಲೆ ಕೂತಿರ್ತವೆ, ಬೇರೆಯವ್ರೂ ಬಾಡಿಗೆಗೆ ಬಂದಿರ್ತಾರೆ. ಟವರ್ ಒಂದೇ ಅಂದ್ರೆ ಕರೆಂಟ್ ಒಂದೇ, ಬ್ಯಾಟರಿ ಒಂದೇ, ಡೀಸೆಲ್ ತರೋ ಹುಡುಗನೂ ಒಬ್ನೇ. ಎರಡು ಕಂಪನಿ ಬಸ್ಸಿಗೂ ಟಿಕೆಟ್ ಮಾಡ್ಸಿಟ್ಕೊಂಡ್ರೂ ಎರಡೂ ಇಳಿಯೋದು ಆಗುಂಬೆ ಘಾಟಿನೇ ಆದ್ರೆ, ಘಾಟಿ ಕುಸಿದ ದಿನ ಎರಡೂ ಟಿಕೆಟ್ ಒಂದೇ. ನಿಮ್ಮ ಕೇಬಲ್‌ನವ್ರ ಫೈಬರ್ ಬಹುಶಃ ಮೆಸ್ಕಾಂ ಕಂಬದ ಮೇಲೇ ಬಂದಿರತ್ತೆ, ಮರ ಬಿದ್ದು ಕಂಬ ಮುರಿದ್ರೆ ಕರೆಂಟೂ ಫೈಬರ್ರೂ ಒಟ್ಟಿಗೆ ಹೋಯ್ತು, ಆ ಲೈನಿಂದ್ಲೇ ಟವರ್‌ಗೂ ಕರೆಂಟ್ ಹೋಗ್ತಿದ್ರೆ ಬ್ಯಾಟರಿ ಇಳಿದ್ಮೇಲೆ ಅದೂ ಹೋಯ್ತು.

ಅದಕ್ಕೆ ರೂಟರ್‌ಗೆ ಮುಂಚೆ ಈ ಕೆಲ್ಸ ಮಾಡಿ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ನಿಮ್ಮ ಊರಿನ ಸುತ್ತ ಯಾವ ಟವರ್ ಎಲ್ಲಿದೆ, ಅದ್ರ ಮೇಲೆ ಯಾರ್ಯಾರಿದಾರೆ ಅಂತ ಸಿಗತ್ತೆ. ಕಂಪನಿಗಳ ಸೈಟಲ್ಲಿ ಕವರೇಜ್ ಮ್ಯಾಪೂ ಇದೆ, ಆದ್ರೆ ಮಲೆನಾಡಿನ ಗುಡ್ಡದ ಮರೆ ಆ ಮ್ಯಾಪಿಗೆ ಅಷ್ಟಾಗಿ ಗೊತ್ತಾಗಲ್ಲ, ಅದನ್ನ ಪೂರ್ತಿ ನಂಬ್ಬೇಡಿ. ಎಲ್ಲಕ್ಕಿಂತ ಒಳ್ಳೇ ಪರೀಕ್ಷೆ ಅಂದ್ರೆ ಜೋರು ಮಳೆ ಬಂದು ಕರೆಂಟ್ ಹೋದಾಗ ಮೂರೂ ಸಿಮ್ಮಲ್ಲಿ ಯಾವ್ದು ಎಷ್ಟು ಗಂಟೆಗೆ ಸತ್ತಿತು ಅಂತ ಕ್ಯಾಲೆಂಡರ್ ಮೇಲೆ ಬರ್ದಿಡಿ. ಒಂದು ಮಳೆಗಾಲದ ನಾಲ್ಕೈದು ಎಂಟ್ರಿ ಯಾವ ಯೂಟ್ಯೂಬ್ ರಿವ್ಯೂಗಿಂತ ಜಾಸ್ತಿ ಹೇಳತ್ತೆ. ಏರ್‌ಟೆಲ್ ಜಿಯೋ ಜೊತೆಜೊತೆಗೇ ಹೋಗ್ತಿದ್ದು ಬಿಎಸ್ಎನ್ಎಲ್ ಮಾತ್ರ ಉಳೀತಿದ್ರೆ ನಿಮ್ಮ ಎರಡನೇ ದಾರಿ ಬಿಎಸ್ಎನ್ಎಲ್, ಸ್ಪೀಡ್ ಕಮ್ಮಿ ಇದ್ರೂ ಸರಿ. ಅವ್ರು ಸ್ವದೇಶಿ 4ಜಿ ಹಾಕ್ತಾ ಬಂದಿದಾರೆ, ನಿಮ್ಮ ಟವರ್‌ಗೆ ಬಂದಿದ್ಯಾ ನೋಡ್ಕೊಳ್ಳಿ.

ಇನ್ನು ಸ್ಪೀಡ್ ಕೂಡೋ ವಿಷ್ಯ. ಎರಡು ಸಿಮ್ ಸ್ಲಾಟ್ ಇರೋ ಕಮ್ಮಿ ಬೆಲೆ ರೂಟರ್‌ಗಳಲ್ಲಿ ಹೆಚ್ಚಿನವು ಒಳಗೆ ಒಂದೇ ಮೋಡೆಮ್ (ಟವರ್ ಜೊತೆ ಮಾತಾಡೋ ಭಾಗ) ಇಟ್ಟಿರ್ತವೆ. ಅಂದ್ರೆ ಒಂದು ಹೊತ್ತಿಗೆ ಒಂದೇ ಸಿಮ್ ಓಡತ್ತೆ, ಅದು ಬಿದ್ರೆ ಎರಡನೇದಕ್ಕೆ ಹೋಗತ್ತೆ, ಹೋಗೋವಾಗ ನೆಟ್‌ವರ್ಕ್ ಹುಡುಕಿ ರಿಜಿಸ್ಟರ್ ಆಗಕ್ಕೆ ಅದಕ್ಕೂ ಟೈಮ್ ಬೇಕು, ಅಷ್ಟರಲ್ಲಿ ನಿಮ್ಮ ಮೀಟಿಂಗ್‌ನಲ್ಲಿ ಬಾಸ್ 'ಹಲೋ ಹಲೋ' ಅಂತಿರ್ತಾರೆ. ಎರಡು ಮೋಡೆಮ್ ಇರೋದು ದುಬಾರಿ, ಅದ್ರಲ್ಲೂ ಸಾಮಾನ್ಯವಾಗಿ ಆಗೋದು ಲೋಡ್ ಬ್ಯಾಲೆನ್ಸಿಂಗ್. ನಿಮ್ಮ ಮೀಟಿಂಗ್ ಒಂದು ಲೈನಲ್ಲಿ, ಅಮ್ಮನ ಸೀರಿಯಲ್ ಇನ್ನೊಂದ್ರಲ್ಲಿ. ಒಂದೇ ಡೌನ್‌ಲೋಡ್ ಎರಡೂ ಲೈನ್ ಹಿಡಿದು ಡಬಲ್ ಓಡಲ್ಲ.

ನಿಜವಾಗ್ಲೂ ಕೂಡ್ಬೇಕು ಅಂದ್ರೆ ಅದಕ್ಕೆ ಬಾಂಡಿಂಗ್ ಅಂತಾರೆ. ಇದು ಗಾಳಿಮಾತಲ್ಲ, ಒಂದೇ ಸಂಪರ್ಕನ ಎರಡು ದಾರೀಲಿ ಓಡ್ಸೋ ಮಲ್ಟಿಪಾತ್ ಟಿಸಿಪಿ ಅನ್ನೋ ಪದ್ಧತಿ 2013ರಲ್ಲೇ ದಾಖಲಾಗಿದೆ, ಆಪಲ್ ಅದೇ ವರ್ಷ ಐಫೋನಲ್ಲಿ ಮಾತಿಗೆ ಉತ್ತರ ಕೊಡೋ ಸಿರಿಗೆ ಹಾಕ್ತು, ವೈಫೈ ಕೈಕೊಟ್ರೆ ಮಾತು ಕಡಿಯದೆ ಮೊಬೈಲ್ ಡೇಟಾಗೆ ಜಾರ್ಕೊಳ್ಳಕ್ಕೆ. 2015ರಲ್ಲಿ ಕೊರಿಯಾದ ಕೆಟಿ ಕಂಪನಿ ಎಲ್‌ಟಿಇ (4ಜಿ) ಮತ್ತೆ ವೈಫೈ ಎರಡನ್ನೂ ಕೂಡ್ಸಿ ತಾನೇ ಮಾರಿತು. ಗಮನಿಸಿ, ಮಾರಿದ್ದು ಆಪರೇಟರ್ರೇ. ಎರಡೂ ಲೈನ್ ತಮ್ದೇ ಆದ್ರೆ ಅವ್ರಿಗೆ ಖುಷಿ, ಎರಡು ಕಂಪನಿದು ಸೇರಿದ್ರೆ ಮಾತ್ರ ಹೊಟ್ಟೆಉರಿ. ಮನೇಲಿ ನೀವು ಇದನ್ನ ಮಾಡ್ಬೇಕು ಅಂದ್ರೆ ಆ ತುದೀಲೂ ಒಂದು ಸರ್ವರ್ ಬೇಕು, ಎರಡು ದಾರೀಲಿ ಬಂದ ತುಂಡುಗಳನ್ನ ಅದು ಜೋಡಿಸ್ಬೇಕು. ಆ ಸರ್ವರ್‌ಗೆ ತಿಂಗ್ಳಿಗೆ ಬಾಡಿಗೆ, ಸಿಮ್ ಡೇಟಾನೂ ದಿನಾ ಖಾಲಿ, ಒಂದು ಲೈನ್ ನಿಧಾನ ಆದ್ರೆ ಚೆನ್ನಾಗಿರೋ ಲೈನೂ ಅದಕ್ಕೆ ಕಾಯ್ಬೇಕಾಗತ್ತೆ. ಮೇಲೆ ನಿಮ್ಮ ಆಫೀಸಿನ ವಿಪಿಎನ್ (ಕಂಪನಿ ನೆಟ್‌ವರ್ಕ್‌ಗೆ ಸೇರ್ಸೋ ಸುರಕ್ಷಿತ ದಾರಿ) ಆ ಸರ್ವರ್ ಅಡ್ರೆಸ್ ನೋಡಿ 'ಇದ್ಯಾರು' ಅಂತ ಬ್ಲಾಕ್ ಮಾಡೋ ಸಾಧ್ಯತೆ ಇದೆ, ಓಟಿಟಿಯವ್ರೂ ತಕರಾರು ತೆಗೀತಾರೆ. ಲೈವ್ ವಿಡಿಯೋ ಕಳ್ಸೋ ಟಿವಿಯವ್ರಿಗೆ ಇದು ಬೇಕೇಬೇಕು. ನಿಮ್ಗೆ ಬೇಡ ಅಂತ ನಾನು ನೇರವಾಗೇ ಹೇಳ್ತೀನಿ.

ನಿಮ್ಮ ಜಾಗದಲ್ಲಿ ನಾನಿದ್ರೆ ಹೀಗೆ ಮಾಡ್ತಿದ್ದೆ. ಫೈಬರ್ ಮೇನ್ ಲೈನಾಗಿ ಇರ್ಲಿ. ಅದ್ರ ಬಾಕ್ಸ್‌ಗೂ ರೂಟರ್‌ಗೂ ಒಂದು ಚಿಕ್ಕ ಡಿಸಿ ಯುಪಿಎಸ್ (ಬ್ಯಾಟರಿ ಬ್ಯಾಕಪ್) ಹಾಕಿ, ಮನೇಲಿ ಇನ್ವರ್ಟರ್ ಇದ್ರೆ ಅದಕ್ಕೇ ಕೊಡಿ, ಯಾಕಂದ್ರೆ 'ನೆಟ್ ಹೋಯ್ತು' ಅನ್ನೋದ್ರಲ್ಲಿ ಅರ್ಧ ಸಲ ಹೋಗಿರೋದು ನಮ್ಮನೆ ಕರೆಂಟೇ. ಆಮೇಲೆ ಫೈಬರ್ ಬಾಕ್ಸಿಂದ ಬರೋ ವೈರ್ ಚುಚ್ಚೋ ವಾನ್ ಪೋರ್ಟ್ ಇರೋ, ಒಂದೇ ಸಿಮ್‌ನ 4ಜಿ ರೂಟರ್ ಸಾಕು, ಫೈಬರ್ ಬಿದ್ರೆ ತಾನೇ ಸಿಮ್‌ಗೆ ಹೋಗೋ ಥರದ್ದು. ಅದಕ್ಕೆ ನಿಮ್ಮ ಮಳೆಗಾಲದ ಪರೀಕ್ಷೇಲಿ ಗೆದ್ದ ಕಂಪನಿ ಸಿಮ್ ಹಾಕಿ, ಫೋನಲ್ಲಿ ಇನ್ನೊಂದು ಕಂಪನಿದು ಇರ್ಲಿ. ಬದ್ಲಾಗೋವಾಗ ಆಫೀಸ್ ವಿಪಿಎನ್ ಒಂದ್ಸಲ ಕಡೀಬಹುದು, ಐಪಿ ಅಡ್ರೆಸ್ (ಇಂಟರ್ನೆಟ್ಟಲ್ಲಿ ನಿಮ್ಮ ವಿಳಾಸ) ಬದ್ಲಾಗತ್ತಲ್ಲ, ಮತ್ತೆ ಕನೆಕ್ಟ್ ಮಾಡ್ಕೋಬೇಕು, ಅಷ್ಟು ಸಹಿಸ್ಕೊಳ್ಳಿ.

ಸಿಗ್ನಲ್ ವೀಕ್ ಇದ್ರೆ ರೂಟರ್‌ನಿಂದ ವೈರ್ ಎಳೆದು ಮಾಡಿನ ಮೇಲೆ ಆಂಟೆನಾ ಹಾಕ್ಬಹುದು, ತೊಂದ್ರೆ ಇಲ್ಲ. ಆದ್ರೆ ಆನ್‌ಲೈನಲ್ಲಿ ಮಾರೋ ಸಿಗ್ನಲ್ ಬೂಸ್ಟರ್ ಮಾತ್ರ ಬೇಡ. ಅನುಮತಿ ಇಲ್ದೆ ಅದನ್ನ ಹಾಕೋದು ಅಪರಾಧ, ಪಕ್ಕದ ಮನೆಯವ್ರ ನೆಟ್‌ವರ್ಕೂ ಕೆಡತ್ತೆ, ಇಲಾಖೆಯವ್ರು ಹುಡ್ಕೊಂಡು ಬಂದು ಕಿತ್ತಾಕ್ತಾರೆ. ನೀವು ಕೇಳಿದ ಕಾನೂನಿನ ಕಿರಿಕಿರಿ ಇರೋದು ಇಲ್ಲಿ. ನಿಮ್ಮ ಹೆಸರಿನ ಸಿಮ್ ನಿಮ್ಮ ರೂಟರ್‌ಗೆ ಹಾಕೋದ್ರಲ್ಲಿ ಕಿರಿಕಿರಿ ಇಲ್ಲ. ಪೊಲೀಸ್ರು ಹಿಡಿಯೋ ಸಿಮ್ ಬಾಕ್ಸ್ ಅನ್ನೋದು ಬೇರೇನೇ, ರಾಶಿ ಸಿಮ್ ಇಟ್ಕೊಂಡು ವಿದೇಶಿ ಕಾಲ್‌ಗಳನ್ನ ಲೋಕಲ್ ಥರ ತೋರ್ಸೋ ದಂಧೆ ಅದು.

ರೂಟರ್‌ಗೆ ಈಗ್ಲೇ ದುಡ್ಡು ಬೇಡ ಅಂದ್ರೆ ಫೋನಲ್ಲೇ ಸುಮಾರು ಸಾಧಿಸ್ಬಹುದು. ವೈಫೈ ಕಾಲಿಂಗ್ ಆನ್ ಮಾಡಿ, ಏರ್‌ಟೆಲ್ ಜಿಯೋ ಎರಡೂ ಕೊಡ್ತಾರೆ, ಬೇರೆ ಚಾರ್ಜ್ ಇಲ್ಲ, ಟವರ್ ಸತ್ರೂ ಫೈಬರ್ ಇದ್ರೆ ಕಾಲ್ ಬರತ್ತೆ. ಹೊಸ ಫೋನುಗಳಲ್ಲಿ ಒಂದು ಸಿಮ್ಮಿನ ಕಾಲ್ ಇನ್ನೊಂದು ಸಿಮ್ಮಿನ ಡೇಟಾ ಮೇಲೆ ಬರೋ ಸೌಲಭ್ಯನೂ ಇದೆ, ಸಿಮ್ ಸೆಟ್ಟಿಂಗಲ್ಲಿ ಬ್ಯಾಕಪ್ ಕಾಲಿಂಗ್, ಡೇಟಾ ಸ್ವಿಚಿಂಗ್ ಅಂತೇನಾದ್ರೂ ಇದ್ಯಾ ಹುಡುಕಿ. ತೊಂದ್ರೆ ಏನಂದ್ರೆ ಹೆಚ್ಚಿನ ಫೋನುಗಳಲ್ಲಿ ಎರಡು ಸಿಮ್‌ಗೂ ರೇಡಿಯೋ ಒಂದೇ, ಹಾಟ್‌ಸ್ಪಾಟ್ ಜಿಯೋದಲ್ಲಿ ಓಡ್ತಿರೋವಾಗ ಏರ್‌ಟೆಲ್‌ಗೆ ಕಾಲ್ ಬಂದ್ರೆ ನೆಟ್ ನಿಂತ್ಕೋಬಹುದು. ವೀಕ್ ಸಿಗ್ನಲ್ ಜಾಗದಲ್ಲಿ ಎರಡೂ ಸಿಮ್ ಟವರ್ ಹುಡುಕ್ತಾ ಬ್ಯಾಟರಿ ಬೇರೆ ತಿಂತವೆ.

ಅಮ್ಮನ ಸಿಮ್ ಬಗ್ಗೆ. 20 ರೂ. ಬ್ಯಾಲೆನ್ಸ್ ಇದ್ರೆ ಸಾಕು ಸಿಮ್ ಜೀವಂತ ಅಂತ ಒಂದು ಮೆಸೇಜ್ ಓಡಾಡತ್ತೆ, ಅದು ಅರ್ಧ ನಿಜ. 2013ರಲ್ಲಿ ಟ್ರಾಯ್ ತಂದ ನಿಯಮದ ಪ್ರಕಾರ 90 ದಿನ ಬಳಸ್ದೆ ಇದ್ರೂ ಅಕೌಂಟಲ್ಲಿ 20 ರೂ. ಇದ್ರೆ ನಂಬರ್ ಕಿತ್ಕೊಳ್ಳೋ ಹಾಗಿಲ್ಲ. ನಂಬರ್ ಉಳಿಯೋದು ಬೇರೆ, ಸರ್ವೀಸ್ ಉಳಿಯೋದು ಬೇರೆ, ವ್ಯಾಲಿಡಿಟಿ ಮುಗಿದ್ಮೇಲೆ ಓಟಿಪಿ ಬರತ್ತೆ ಅಂತ ನಂಬ್ಕೊಂಡು ಕೂರ್ಬೇಡಿ. ಬರೀ ಕಾಲ್, ಎಸ್ಎಂಎಸ್ ಬೇಕಾದವ್ರಿಗೆ ಡೇಟಾ ಇಲ್ದಿರೋ ಪ್ಲಾನ್ ಕೊಡ್ಲೇಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೇಳ್ತು, 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಕ್ಕೆ 469 ರೂ., ಜಿಯೋ 448 ರೂ. ಅಂತ ತಂದ್ರು. ಬಿಎಸ್ಎನ್ಎಲ್‌ನಲ್ಲಿ ಇವತ್ತು ಕಮ್ಮಿ ಖರ್ಚಲ್ಲಿ ವ್ಯಾಲಿಡಿಟಿ ಉಳ್ಸೋ ಪ್ಲಾನ್ ಯಾವ್ದಿದೆ ಅಂತ ಕೇಳ್ಕೊಂಡು ಹಾಕ್ಸಿ. ಅದೇ ಕಂಪನಿ ಸಿಮ್ ನಿಮ್ಮ ರೂಟರ್‌ಗೂ ಬೇಕಾಗೋ ಥರ ಇದ್ರೆ ಅಮ್ಮನ ಸಿಮ್ ಮಾತ್ರ ರೂಟರ್ ಒಳಗೆ ಹಾಕ್ಬೇಡಿ, ರೂಟರ್‌ಗೆ ಬೇರೆ ಸಿಮ್ ತಗೊಳ್ಳಿ, ಬ್ಯಾಂಕ್ ಓಟಿಪಿ ಬರೋ ನಂಬರ್ ರೂಟರ್ ಒಳಗೆ ಕೂತ್ರೆ ಪ್ರತಿ ಸಲ ಅಡ್ಮಿನ್ ಪೇಜ್ ತೆಗೆದು ಮೆಸೇಜ್ ಓದ್ಬೇಕಾಗತ್ತೆ. ಬಿಡ್ಲೇಬೇಕು ಅಂತಿದ್ರೆ ಮೊದ್ಲು ಬ್ಯಾಂಕು, ಆಧಾರ್, ಗ್ಯಾಸು, ಪಹಣಿ ಸೈಟು ಎಲ್ಲಾ ಕಡೆ ನಂಬರ್ ಬದ್ಲಾಯಿಸಿ, ಯುಪಿಐ ತೆಗೆದ್ಹಾಕಿ, ಆಮೇಲೆ ಸಿಮ್ ಬಿಡಿ. ಬಂದ್ ಆದ ನಂಬರನ್ನ 90 ದಿನ ಯಾರಿಗೂ ಕೊಡಲ್ಲ, ಅದಾದ್ಮೇಲೆ ಹೊಸಬ್ರಿಗೆ ಕೊಟ್ರೆ ಅಮ್ಮನ ಓಟಿಪಿ ಹೋಗೋದು ಅವ್ರಿಗೆ.